ಮೂರು ಸಾವಿರ ಇಂಗ್ಲಿಷ್ ಪದ ಬಾಯಿಪಾಠ ಆಗಿದೆ, ಬಿಟ್ಟ ಸ್ಥಳ ತುಂಬಲು ಮಾತ್ರ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಬೆಣ್ಣೆ_ದಾವಣಗೆರೆ
ಅಮೆರಿಕದಲ್ಲಿ ಮುಂದೆ ಓದಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಇನ್ನು ಒಂಬತ್ತು ವಾರ ಇದೆ. ಗಣಿತದ ಚಿಂತೆ ಇಲ್ಲ, 170ಕ್ಕೆ 165ರ ಹತ್ತಿರ ಬರುತ್ತಿದೆ. ವರ್ಬಲ್, ಅಂದರೆ ಇಂಗ್ಲಿಷ್ ಭಾಗ ಮಾತ್ರ 146ಕ್ಕೆ ಅಂಟಿಕೊಂಡು ಕೂತಿದೆ.

ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಕೋಚಿಂಗ್‌ನಲ್ಲಿ ಮೂರು ಸಾವಿರ ಪದಗಳ ಪಟ್ಟಿ ಕೊಟ್ಟಿದ್ದರು. ಪ್ರತಿ ಪದದ ಎದುರಿಗೆ ಒಂದು ಕನ್ನಡ ಅರ್ಥ ಬರೆದುಕೊಂಡು ಉರು ಹೊಡೆದೆ. ರಾತ್ರಿ ಅಮ್ಮ ಪಟ್ಟಿ ಹಿಡಿದು ಕೇಳಿದರೆ ಹತ್ತಕ್ಕೆ ಒಂಬತ್ತು ಸರಿ ಹೇಳುತ್ತೇನೆ. ಆದರೆ ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು ಐದು ಪದ ಕೊಟ್ಟರೆ ಕಥೆ ಮುಗಿಯಿತು. ಐದರಲ್ಲಿ ನಾಲ್ಕರ ಅರ್ಥ ಗೊತ್ತಿರುತ್ತದೆ, ಆದರೂ ತಪ್ಪು. ನಿನ್ನೆ ಇಪ್ಪತ್ತಕ್ಕೆ ಎಂಟು ಬಂತು.

ಇನ್ನೊಂದು ಸಾವಿರ ಪದ ಕಲಿಯಬೇಕಾ? ಬೇರೆ ಏನಾದರೂ ದಾರಿ ಇದೆಯಾ?

ಬೈಟು_ಕಾಫಿ
ಇನ್ನೊಂದು ಸಾವಿರ ಕಲಿತರೆ ಇನ್ನೊಂದು ಸಾವಿರ ಪದಗಳನ್ನು ತಪ್ಪು ಜಾಗದಲ್ಲಿ ಹಾಕಬಹುದು. ಅಷ್ಟೇ ಲಾಭ.

ಒಂಟಿಕೊಪ್ಪಲು
ಹೋದ ವರ್ಷ ಬರೆದೆ, ವರ್ಬಲ್ 161. ನಾನೂ 148ರಲ್ಲಿ ಒದ್ದಾಡಿದವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ವಾಕ್ಯ ಓದಿದ ಕೂಡಲೇ ಕಣ್ಣು ಆಯ್ಕೆಗಳ ಕಡೆ ಓಡುತ್ತದೆ, ಅಲ್ವಾ? ಅಲ್ಲೇ ಯಡವಟ್ಟು. ಐದೂ ಪದ ಒಂದೊಂದಾಗಿ ಖಾಲಿ ಜಾಗದಲ್ಲಿ ಕೂರಿಸಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿದ ಹಾಗೆ. ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಆ ಜಾಗಕ್ಕೆ ಎಂಥ ಮಾತು ಬೇಕು ಎಂದು ನಿಮ್ಮದೇ ಪದದಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲಾದರೂ ಸರಿ, ‘ಒಳ್ಳೇದು’, ‘ಕೆಟ್ಟದ್ದು’ ಅಷ್ಟೇ ಹೊಳೆದರೂ ಸರಿ. ಆಮೇಲೆ ಕೈ ತೆಗೆಯಿರಿ.

ಒಂದು ಮಾದರಿ, ವಾಕ್ಯ ಕನ್ನಡದಲ್ಲೇ ಇಡುತ್ತೇನೆ:

‘ಮೈಕ್ ಸಿಕ್ಕರೆ ಒಂದು ಗಂಟೆ ಬಿಡದ ಮಂತ್ರಿಗಳು ಅವತ್ತು ಮಾತ್ರ ____ ಆಗಿದ್ದರು: ಮೂರೇ ಮಾತು ಹೇಳಿ ಕಾರು ಹತ್ತಿದರು.’
ಇವೇಸಿವ್, ಲಕಾನಿಕ್, ಸ್ಯಾಂಗ್ವಿನ್, ಗ್ಯಾರುಲಸ್, ಕ್ಯಾಂಡಿಡ್.

ಯಾರಾದರೂ ಹೇಳಿ ನೋಡೋಣ.

ಹಾವೇರಿ_ಏಲಕ್ಕಿ
ಇವೇಸಿವ್. ಜಾರಿಕೊಂಡರು ಅಂತ.

ಬೆಣ್ಣೆ_ದಾವಣಗೆರೆ
ನಾನೂ ಇವೇಸಿವ್ ಅಂದುಕೊಂಡೆ.

ಒಂಟಿಕೊಪ್ಪಲು
ಲಕಾನಿಕ್. ‘ಒಂದು ಗಂಟೆ ಬಿಡದ’ ಒಂದು ಕಡೆ, ‘ಅವತ್ತು ಮಾತ್ರ’ ಎಂಬ ತಿರುವು, ‘ಮೂರೇ ಮಾತು’ ಇನ್ನೊಂದು ಕಡೆ. ಬೇಕಾದದ್ದು ‘ಕಡಿಮೆ ಮಾತು’, ಬೇರೇನಲ್ಲ. ಗ್ಯಾರುಲಸ್ ವಾಚಾಳಿ, ಸ್ಯಾಂಗ್ವಿನ್ ಆಶಾವಾದಿ, ಕ್ಯಾಂಡಿಡ್ ಮುಚ್ಚುಮರೆ ಇಲ್ಲದವ.

ಹಾವೇರಿ_ಏಲಕ್ಕಿ
ಒಪ್ಪುವುದಿಲ್ಲ. ಮಂತ್ರಿ ಮೂರು ಮಾತು ಹೇಳಿ ಕಾರು ಹತ್ತಿದರೆ ಅದು ಜಾರಿಕೊಳ್ಳುವುದೇ. ನಮ್ಮೂರಿಗೆ ಬಂದು ನೋಡಿ.

ಒಂಟಿಕೊಪ್ಪಲು
ನಿಮ್ಮೂರಿನ ಅನುಭವ ನಿಜವೇ ಇರಬಹುದು, ಆದರೆ ಅದು ವಾಕ್ಯದಲ್ಲಿ ಇಲ್ಲವಲ್ಲ! ಯಾರೂ ಪ್ರಶ್ನೆ ಕೇಳಿಲ್ಲ, ಅವರು ಯಾವುದನ್ನೂ ಮುಚ್ಚಿಟ್ಟಿಲ್ಲ. ‘ಪತ್ರಕರ್ತರು ಕೇಳಿದ್ದಕ್ಕೆ’ ಅಂತ ಎಲ್ಲಾದರೂ ಇದ್ದಿದ್ದರೆ ನಿಮ್ಮ ಉತ್ತರಕ್ಕೆ ಜೀವ ಬರುತ್ತಿತ್ತು. ಪರೀಕ್ಷೆ ಕೇಳುವುದು ಲೋಕಜ್ಞಾನವನ್ನಲ್ಲ, ಈ ಒಂದು ವಾಕ್ಯದಲ್ಲಿ ಏನಿದೆ ಅಂತ.

ಕಟ್ಟೆ_ಪುರಾಣ
ಲಕಾನಿಕ್ ಪದ ಬಂದದ್ದು ಗ್ರೀಸಿನ ಲಕೋನಿಯಾದಿಂದ, ಅಂದರೆ ಸ್ಪಾರ್ಟಾದವರ ನಾಡು. ಕಡಿಮೆ ಮಾತಿಗೆ ಹೆಸರಾದ ಜನ. ಮ್ಯಾಸಿಡೋನಿಯಾದ ದೊರೆ ಫಿಲಿಪ್ ‘ನಾನು ನಿಮ್ಮ ನಾಡಿಗೆ ಬಂದರೆ ನಿಮ್ಮನ್ನು ಉಳಿಸುವುದಿಲ್ಲ’ ಎಂದು ಹೇಳಿ ಕಳಿಸಿದನಂತೆ. ಅವರು ವಾಪಸ್ ಕಳಿಸಿದ ಉತ್ತರ ಒಂದೇ ಪದ: ‘ಬಂದರೆ’. ಇಂಗ್ಲಿಷಿನಲ್ಲಿ ‘ಇಫ್’ ಅಂತ ಹೇಳುತ್ತಾರೆ. ನನಗೇನೋ ಕನ್ನಡದ ‘ಬಂದರೆ’ಯಲ್ಲೇ ಖಾರ ಜಾಸ್ತಿ ಅನಿಸುತ್ತದೆ.

ಬೆಣ್ಣೆ_ದಾವಣಗೆರೆ
ಇದು ಇನ್ನು ಸಾಯುವವರೆಗೂ ಮರೆಯುವುದಿಲ್ಲ. ಪಟ್ಟಿಯಲ್ಲಿ ‘ಲಕಾನಿಕ್ = ಮಿತಭಾಷಿ’ ಅಂತಲೇ ಇದೆ. ಗೊತ್ತಿದ್ದೂ ಬಿಟ್ಟೆ!

ಎಡಿಸನ್_ಕನ್ನಡಿಗ
ನಾನು ಜಿಆರ್‌ಇ ಬರೆದದ್ದು 2006ರಲ್ಲಿ. ಆಗ ಅಂಕ 200ರಿಂದ 800. ವಿರುದ್ಧ ಪದದ ಪ್ರಶ್ನೆಗಳಿದ್ದವು, ‘ಇದಕ್ಕೆ ಇದು ಹೇಗೋ ಅದಕ್ಕೆ ಅದು’ ಅನ್ನುವಂಥವೂ ಇದ್ದವು. ವಾಕ್ಯವೇ ಇಲ್ಲ, ಒಂದು ಪದ, ಕೆಳಗೆ ಐದು ಆಯ್ಕೆ. ಪಟ್ಟಿ ಉರು ಹೊಡೆದವನೇ ರಾಜ. ಬಿಟಿಎಸ್ ಬಸ್ಸಿನಲ್ಲಿ, ಕ್ಷಮಿಸಿ, ಆಗಲೇ ಅದು ಬಿಎಂಟಿಸಿ ಆಗಿತ್ತು, ಕಾರ್ಡ್ ಹಿಡಿದು ಗೊಣಗುತ್ತಾ ಹೋಗುತ್ತಿದ್ದೆ. 2011ರ ಆಗಸ್ಟ್‌ನಲ್ಲಿ ಆ ಎರಡೂ ಬಗೆಯನ್ನು ತೆಗೆದುಹಾಕಿದರು. ಈಗ ಪದಕ್ಕೆ ಸಂಬಂಧಿಸಿದ ಎಲ್ಲವೂ ವಾಕ್ಯದ ಒಳಗೇ. ಪರೀಕ್ಷೆ ಬದಲಾಯಿತು, ಪಟ್ಟಿಗಳು ಮಾತ್ರ ನಮ್ಮ ಕಾಲದವೇ ಜೆರಾಕ್ಸ್ ಆಗಿ ಓಡಾಡುತ್ತಿವೆ. ನಿಮ್ಮ ಕೋಚಿಂಗ್‌ನ ಪಟ್ಟಿಗೂ ಅಷ್ಟೇ ವಯಸ್ಸಾಗಿರಬಹುದು.

ಬೈಟು_ಕಾಫಿ
ಈಗ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಜಿಆರ್‌ಇ ಕೇಳುವುದೇ ಇಲ್ಲ. ಸುಮ್ನೆ ಯಾಕೆ ಈ ಒದ್ದಾಟ?

ಬೆಣ್ಣೆ_ದಾವಣಗೆರೆ
ನಾನು ಹಾಕುತ್ತಿರುವ ಆರರಲ್ಲಿ ಮೂರು ಕೇಳುತ್ತವೆ. ಆ ಮೂರೇ ನನಗೆ ಬೇಕಾದವು. ಹಣೆಬರಹ.

ನಿವೃತ್ತ_ಮೇಷ್ಟ್ರು
ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ಕನ್ನಡ ಮೀಡಿಯಂ ಮಕ್ಕಳು ಇಂಥ ವಾಕ್ಯಗಳಲ್ಲಿ ಎಡವುವುದು ಪದಗಳಿಂದ ಅಲ್ಲ. ಎಡವುವುದು ತಿರುವು ಎಲ್ಲಿದೆ ಎಂದು ಕಾಣದೆ.

ನೋಡಿ, ನಾವು ‘ಬಡವನಾದರೂ ದಾನಿ’ ಅನ್ನುತ್ತೇವೆ. ನಮ್ಮ ‘ಆದರೂ’ ಮೊದಲ ಮಾತು ಮುಗಿಯುವ ಜಾಗದಲ್ಲಿ, ಬಾಲದಂತೆ ಅಂಟಿಕೊಂಡಿರುತ್ತದೆ. ಅಲ್ಲೇ ತಿರುಗುತ್ತೇವೆ. ಇಂಗ್ಲಿಷಿನವರು ‘ಆಲ್ದೋ’ ಎಂದು ವಾಕ್ಯದ ಬಾಗಿಲಲ್ಲೇ ಹೇಳಿಬಿಡುತ್ತಾರೆ. ನಡುವೆ ಇಪ್ಪತ್ತು ಪದ ಬರುತ್ತವೆ. ಅಷ್ಟರಲ್ಲಿ ನಮ್ಮ ಹುಡುಗರಿಗೆ ಬಾಗಿಲಲ್ಲಿ ಹೇಳಿದ್ದು ಮರೆತುಹೋಗಿರುತ್ತದೆ. ‘ಅಲ್ಪ ಆದಾಯ’ ಎಂದು ಓದಿದವರು ‘ಜಿಪುಣ’ ಎಂಬ ಅರ್ಥದ ಪದ ಹುಡುಕುತ್ತಾರೆ. ಬೇಕಾದದ್ದು ಅದರ ಉಲ್ಟಾ.

ನಾನು ಹೇಳಿಕೊಡುತ್ತಿದ್ದದ್ದು ಇಷ್ಟೇ: ಆಲ್ದೋ, ಡಿಸ್ಪೈಟ್, ವೈಲ್, ಫಾರ್ ಫ್ರಮ್ ಕಂಡ ಕೂಡಲೇ ಪೆನ್ಸಿಲಿನಲ್ಲಿ ಒಂದು ಬಾಣ ಹಾಕಿ, ಹಿಂದಕ್ಕೆ ತಿರುಗಿದ ಬಾಣ. ಪರೀಕ್ಷೆ ಕಂಪ್ಯೂಟರಿನಲ್ಲಾದರೆ ರಫ್ ಹಾಳೆಯಲ್ಲಿ ಹಾಕಿ.

ಇನ್ನೊಂದು. ‘ಎನಿಥಿಂಗ್ ಬಟ್ ಸಿಂಪಲ್’ ಅಂದರೆ ಸರಳ ಅಂತೂ ಖಂಡಿತ ಅಲ್ಲ ಎಂದರ್ಥ. ‘ಸಿಂಪಲ್’ ಒಂದನ್ನೇ ಓದಿ ಹೋದವರು ಎಷ್ಟು ಮಂದಿ! ಎರಡು ಇಲ್ಲಗಳು ಸೇರಿದಾಗಲೂ ಗಾಬರಿ ಬೀಳುತ್ತಾರೆ. ಅಲ್ಲಪ್ಪಾ, ‘ಅವನು ಬರದೇ ಇರುವುದಿಲ್ಲ’ ಅಂದರೆ ನಿಮಗೆ ಒಂದು ಕ್ಷಣವೂ ಯೋಚನೆ ಬೇಡ. ‘ಅದೇನು ಅಪರೂಪವಲ್ಲ’ ಅನ್ನುವುದು ದಿನಾ ಆಡುವ ಮಾತು. ಅದನ್ನೇ ಇಂಗ್ಲಿಷಿನಲ್ಲಿ ‘ನಾಟ್ ಅನ್‌ಕಾಮನ್’ ಅಂದರೆ ಬೆವರುವುದು ಯಾಕೆ?

ಹಾವೇರಿ_ಏಲಕ್ಕಿ
ಮೇಷ್ಟ್ರೇ, ನಮಗೆ ಹೀಗೆ ಯಾರೂ ಹೇಳಿಕೊಡಲಿಲ್ಲ. ‘ಬಿಟ್ಟ ಸ್ಥಳ ತುಂಬಿರಿ’ ಅಂದರೆ ಪಾಠದ ಸಾಲು ನೆನಪಿದ್ದರೆ ಆಯಿತು. ಯೋಚಿಸುವ ಮಾತೇ ಇಲ್ಲ.

ನಿವೃತ್ತ_ಮೇಷ್ಟ್ರು
ಅದಕ್ಕೆ ನಾವೂ ಕಾರಣ. ಪ್ರಶ್ನೆಪತ್ರಿಕೆ ಮಾಡಲು ಅದು ಸುಲಭ.

ಲೋನ್_ಕೌಂಟರ್
ಬ್ಯಾಂಕಿನವನು ನಾನು. ಇನ್ನೊಂದು ಹೊಂಡ ತೋರಿಸುತ್ತೇನೆ. ನಾವು ಕನ್ನಡದಲ್ಲೇ ದಿನಾ ಬಳಸುವ ಇಂಗ್ಲಿಷ್ ಪದಗಳು ಇವೆಯಲ್ಲ, ಪರೀಕ್ಷೆಯಲ್ಲಿ ಅವೇ ಜಾಸ್ತಿ ಮೋಸ ಮಾಡುತ್ತವೆ. ಕಷ್ಟದ ಪದ ಕಂಡರೆ ಎಚ್ಚರವಾಗಿರುತ್ತೇವೆ. ಪರಿಚಯದ ಮುಖ ಕಂಡರೆ ನಂಬಿಬಿಡುತ್ತೇವೆ.

‘ಲೋನ್ ಸ್ಯಾಂಕ್ಷನ್ ಆಯ್ತಾ?’ ಅಂತ ದಿನಕ್ಕೆ ನಲವತ್ತು ಜನ ಕೇಳುತ್ತಾರೆ. ಸ್ಯಾಂಕ್ಷನ್ ಅಂದರೆ ಒಪ್ಪಿಗೆ. ಅದೇ ಪದ ದೇಶದ ಮೇಲೆ ಬಿದ್ದರೆ ನಿರ್ಬಂಧ. ಒಂದೇ ಪದ, ಎರಡು ಎದುರುಬದುರು ಅರ್ಥ. ‘ಅವನಿಗೆ ಟೆಂಪರ್ ಜಾಸ್ತಿ’ ಅನ್ನುತ್ತೇವೆ. ಕ್ರಿಯಾಪದವಾದರೆ ಟೆಂಪರ್ ಅಂದರೆ ತಣ್ಣಗಾಗಿಸು, ತೀವ್ರತೆ ಇಳಿಸು. ‘ಚೆಕ್ ಮಾಡು’ ಅಂದರೆ ನಮಗೆ ನೋಡು, ಅಲ್ಲಿ ಎಷ್ಟೋ ಸಲ ತಡೆ. ‘ಸೆಮಿಫೈನಲ್‌ಗೆ ಕ್ವಾಲಿಫೈ ಆದರು’ ಗೊತ್ತು. ಆದರೆ ತನ್ನ ಮಾತನ್ನು ಕ್ವಾಲಿಫೈ ಮಾಡಿದ ಅಂದರೆ ಮಾತಿಗೆ ಒಂದು ‘ಆದರೆ’ ಸೇರಿಸಿ ಮಿತಿ ಹಾಕಿದ ಅಂತ. ವಾಂಟ್ ಅಂದರೆ ಬೇಕು ಮಾತ್ರ ಅಲ್ಲ, ಕೊರತೆ. ಎಕಾನಮಿ ಅಂದರೆ ಮಿತವ್ಯಯ ಕೂಡ.

ಎಡಿಸನ್_ಕನ್ನಡಿಗ
ಇದಕ್ಕೆ ‘ಟೇಬಲ್’ ಸೇರಿಸಿ. ನಮ್ಮ ಕಡೆ ಮಸೂದೆ ಟೇಬಲ್ ಮಾಡಿದರು ಅಂದರೆ ಸದನದಲ್ಲಿ ಮಂಡಿಸಿದರು. ಇಲ್ಲಿ ಅಮೆರಿಕದಲ್ಲಿ ಟೇಬಲ್ ಮಾಡಿದರು ಅಂದರೆ ಸದ್ಯಕ್ಕೆ ಬದಿಗಿಟ್ಟರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೀಟಿಂಗಿನಲ್ಲಿ ‘ಲೆಟ್ಸ್ ಟೇಬಲ್ ಇಟ್’ ಅಂದರು. ನಾನು ಲ್ಯಾಪ್‌ಟಾಪ್ ತೆಗೆದು ವಿವರಿಸಲು ಶುರು ಮಾಡಿದೆ. ಎಲ್ಲರೂ ಎದ್ದು ಊಟಕ್ಕೆ ಹೊರಟಿದ್ದರು.

ಬೈಟು_ಕಾಫಿ
ಹಹ್ಹ. ಊಟದ ಟೇಬಲ್ ಇರಬೇಕು.

ಶಿರಸಿ_ಮಳೆ
ಬೇರುಪದ ಕಲಿತರೆ ಎಲ್ಲ ಸುಲಭ ಅಂತ ನಮ್ಮ ಸರ್ ಹೇಳಿದ್ದರು. ‘ಲೊಕ್ವ’ ಅಂದರೆ ಮಾತು. ಲೊಕ್ವೇಶಸ್, ಎಲೊಕ್ವೆಂಟ್, ಗ್ರ್ಯಾಂಡಿಲೊಕ್ವೆಂಟ್ ಎಲ್ಲ ಒಂದೇ ಏಟಿಗೆ ಸಿಗುತ್ತವೆ. ಅದನ್ನೇ ಮಾಡಿ.

ಒಂಟಿಕೊಪ್ಪಲು
ಅರ್ಧ ಸತ್ಯ. ಎನರ್ವೇಟ್ ನೋಡಿದರೆ ಎನರ್ಜಿ ನೆನಪಾಗುತ್ತದೆ, ಅರ್ಥ ಶಕ್ತಿ ಹೀರು. ರೆಸ್ಟಿವ್ ಅಂದರೆ ರೆಸ್ಟ್ ತಗೊಂಡವನಲ್ಲ, ಚಡಪಡಿಸುವವನು. ನಾಯ್ಸಮ್‌ಗೂ ನಾಯ್ಸ್‌ಗೂ ಸಂಬಂಧವೇ ಇಲ್ಲ, ಅದು ಗಬ್ಬು ನಾತ. ಇಂಜೀನಿಯಸ್ ಜಾಣ, ಇಂಜೆನ್ಯುಅಸ್ ಮುಗ್ಧ. ಪ್ರಶ್ನೆ ಮಾಡುವವರಿಗೂ ನಾವು ಎಲ್ಲಿ ಜಾರುತ್ತೇವೆ ಅಂತ ಚೆನ್ನಾಗಿ ಗೊತ್ತು.

ಶಿರಸಿ_ಮಳೆ
ನಾಯ್ಸಮ್ ನಿಜವಾಗಲೂ ಗಬ್ಬು ನಾತವಾ? ಎರಡು ವರ್ಷದಿಂದ ಗಲಾಟೆ ಅಂದುಕೊಂಡಿದ್ದೆ. ಪರೀಕ್ಷೆಯೂ ಮುಗಿದುಹೋಗಿದೆ.

ಹಾವೇರಿ_ಏಲಕ್ಕಿ
ನಾನು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವನು. ನಮ್ಮಲ್ಲಿ ಕ್ಲೋಜ್ ಟೆಸ್ಟ್ ಅಂತ ಬರುತ್ತದೆ, ಒಂದು ಪ್ಯಾರಾದಲ್ಲಿ ಐದಾರು ಖಾಲಿ ಜಾಗ. ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಜಿಆರ್‌ಇಯಲ್ಲೂ ಹಾಗೇನಾ?

ಒಂಟಿಕೊಪ್ಪಲು
ಇಲ್ಲ, ತಪ್ಪಿಗೆ ಕಡಿತ ಇಲ್ಲ, ಖಾಲಿ ಬಿಡಬಾರದು. ಆದರೆ ಅರ್ಧ ಅಂಕವೂ ಇಲ್ಲ. ಮೂರು ಖಾಲಿ ಜಾಗದ ಪ್ರಶ್ನೆಯಲ್ಲಿ ಎರಡು ಸರಿ, ಒಂದು ತಪ್ಪು ಅಂದರೆ ಸೊನ್ನೆ. ಒಂದೊಂದಕ್ಕೆ ಮೂರು ಆಯ್ಕೆ, ಕುರುಡು ಗುರಿ ಇಟ್ಟರೆ 27ರಲ್ಲಿ 1 ಸಲ ತಗುಲುತ್ತದೆ. ಆರರಲ್ಲಿ ಎರಡು ಆರಿಸುವ ಪ್ರಶ್ನೆಯಲ್ಲಿ 15ಕ್ಕೆ 1.

ಆ ಆರರ ಪ್ರಶ್ನೆಯಲ್ಲಿ ಒಂದು ಕಿತಾಪತಿ ಇದೆ. ಎರಡು ಪದ ಹಾಕಿದಾಗ ವಾಕ್ಯದ ಅರ್ಥ ಒಂದೇ ಆಗಬೇಕು. ಜನ ಏನು ಮಾಡುತ್ತಾರೆ? ವಾಕ್ಯ ಬಿಟ್ಟು ಸಮಾನಾರ್ಥಕ ಜೋಡಿ ಹುಡುಕುತ್ತಾರೆ. ಅಲ್ಲೇ ಒಂದು ನಕಲಿ ಜೋಡಿ ಕೂರಿಸಿರುತ್ತಾರೆ. ಅದಕ್ಕೂ ವಾಕ್ಯಕ್ಕೂ ಸಂಬಂಧವೇ ಇರುವುದಿಲ್ಲ. ಒಂಟಿಯಾಗಿ ಚೆನ್ನಾಗಿ ಹೊಂದುವ, ಆದರೆ ಜೊತೆಗಾರ ಇಲ್ಲದ ಪದ ಇನ್ನೊಂದು. ಅದನ್ನು ಎಷ್ಟೇ ಇಷ್ಟವಾದರೂ ಬಿಡಲೇಬೇಕು.

ಬೈಟು_ಕಾಫಿ
ಮದುವೆ ಬ್ರೋಕರ್ ಮಾತಿನ ಹಾಗಿದೆ.

ಹಾವೇರಿ_ಏಲಕ್ಕಿ
ಈ ಕ್ಲೋಜ್ ಅಂದರೆ ಏನು? ಮುಚ್ಚುವ ಕ್ಲೋಸ್ ಅಲ್ಲವಲ್ಲ?

ಕಟ್ಟೆ_ಪುರಾಣ
ಹತ್ತಿರದ ನೆಂಟ. ಅಮೆರಿಕದ ಸಂಶೋಧಕ ವಿಲ್ಸನ್ ಟೇಲರ್ 1953ರಲ್ಲಿ ಇಟ್ಟ ಹೆಸರು, ‘ಕ್ಲೋಷರ್’ ಎಂಬ ಪದದಿಂದ ಮಾಡಿದ್ದು. ಅರೆಬರೆ ಚಿತ್ರವನ್ನು ಮನಸ್ಸು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ ಎಂಬ ಮನಶ್ಶಾಸ್ತ್ರದ ಮಾತಿನಿಂದ ಬಂತು. ಬರಹ ಓದಲು ಸುಲಭವೋ ಕಷ್ಟವೋ ಅಳೆಯಲು ಅವರು ಅದನ್ನು ಮಾಡಿದ್ದು. ಕೊನೆಗೆ ಅಳೆದದ್ದು ನಮ್ಮನ್ನು.

ಅದಕ್ಕಿಂತ ಹಳೆಯದೂ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1897ರಲ್ಲೇ ಬ್ರೆಸ್ಲೌ ಊರಿನ ಶಾಲಾಮಕ್ಕಳಿಗೆ ಬಿಟ್ಟ ಸ್ಥಳ ತುಂಬುವ ಪರೀಕ್ಷೆ ಕೊಟ್ಟಿದ್ದರು. ದಿನವಿಡೀ ಪಾಠ ಕೇಳಿ ಮಕ್ಕಳ ತಲೆ ಎಷ್ಟು ದಣಿಯುತ್ತದೆ ಎಂದು ನೋಡಲು! ಇದೇ ಎಬಿಂಗ್‌ಹೌಸ್ 1885ರಲ್ಲಿ ಮರೆವಿನ ಬಗ್ಗೆ ಬರೆದವರು. ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆ ಎಂದು ಲೆಕ್ಕ ಇಟ್ಟಿದ್ದರು. ಬೆಣ್ಣೆಯವರ ಮೂರು ಸಾವಿರದ ಪಟ್ಟಿ ನೋಡಿದ್ದರೆ ಖುಷಿ ಪಡುತ್ತಿದ್ದರು.

ಲೋನ್_ಕೌಂಟರ್
ಬ್ಯಾಂಕ್ ಪರೀಕ್ಷೆ ಮಾತು ಬಂತಲ್ಲ, ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಮಾಡುತ್ತೇವೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ಹೇಳಿದಾಗ ನಮ್ಮ ಶಾಖೆಯಲ್ಲಿ ಪೇಡ ಹಂಚಿದ್ದೆವು. ಕೌಂಟರಿಗೆ ಬರುವ ಅಜ್ಜಿಗೆ ಇಂಗ್ಲಿಷ್ ಪದಸಂಪತ್ತು ಬೇಕಾಗಿಲ್ಲ, ಕನ್ನಡ ಬೇಕು.

ಶಿರಸಿ_ಮಳೆ
ಅದು ಸರಿ, ಆದರೆ ವರ್ಗಾವಣೆ ಆಗಿ ಬಂದವರು...

ಒಂಟಿಕೊಪ್ಪಲು
ಆ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಇನ್ನೂರು ಉತ್ತರ ಬಂದಿದೆ. ಇಲ್ಲಿ ಈ ಹುಡುಗನಿಗೆ ಒಂಬತ್ತೇ ವಾರ ಇದೆ.

ತುಮಕೂರು_ಎಕ್ಸ್‌ಪ್ರೆಸ್
ಎಲ್ಲ ಸರಿ, ಆದರೆ ‘ಮೊದಲು ಕನ್ನಡದಲ್ಲಿ ಪದ ಹೇಳಿಕೊಳ್ಳಿ’ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಸಮಯ ಎಲ್ಲಿದೆ? 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ. ವರ್ಬಲ್‌ನ ಮೊದಲ ಭಾಗ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದು 23 ನಿಮಿಷಕ್ಕೆ 15. ಒಂದಕ್ಕೆ ಒಂದೂವರೆ ನಿಮಿಷ. ಅದರಲ್ಲೇ ಗದ್ಯಭಾಗವನ್ನೂ ಓದಬೇಕು. ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಹೋಗಿ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಇಂಗ್ಲಿಷಿನಲ್ಲೇ ಯೋಚಿಸಬೇಕು.

ಒಂಟಿಕೊಪ್ಪಲು
‘ಇಂಗ್ಲಿಷಿನಲ್ಲೇ ಯೋಚಿಸಿ’ ಅನ್ನುವುದು ‘ಎತ್ತರ ಆಗಿ’ ಅಂದ ಹಾಗೆ. ನಾನು ಇಡೀ ವಾಕ್ಯ ಅನುವಾದ ಮಾಡಿ ಅನ್ನಲಿಲ್ಲ. ಖಾಲಿ ಜಾಗಕ್ಕೆ ಒಂದು ಪದ. ‘ಜಿಪುಣ’ ಅಂತ ಹೊಳೆಯಲು ಎರಡು ಸೆಕೆಂಡ್ ಸಾಕು. ಖಾಲಿ ಜಾಗದ ಪ್ರಶ್ನೆಯನ್ನು ಒಂದು ನಿಮಿಷದೊಳಗೆ ಮುಗಿಸಿದರೆ ಉಳಿದದ್ದು ಗದ್ಯಕ್ಕೆ ಸಿಗುತ್ತದೆ.

ನಿವೃತ್ತ_ಮೇಷ್ಟ್ರು
ಇಬ್ಬರೂ ಸ್ವಲ್ಪ ಸರಿ. ಕನ್ನಡ ಅರ್ಥ ಕೂಡದು ಅಂತಲ್ಲ. ‘ಒಂದೇ’ ಕನ್ನಡ ಅರ್ಥ ಕೂಡದು. ‘ಕ್ರೆಡ್ಯುಲಸ್ = ನಂಬುವ’ ಎಂದು ಬರೆದರೆ ಗುಣವೋ ದೋಷವೋ ಗೊತ್ತಾಗುವುದಿಲ್ಲ. ‘ಯಾರು ಏನು ಹೇಳಿದರೂ ನಂಬುವ ಪೆದ್ದ’ ಎಂದು ಬರೆಯಿರಿ. ಪದದ ಬಣ್ಣ ಬಂತು. ಪಕ್ಕದಲ್ಲಿ ನಿಮ್ಮದೇ ಬದುಕಿನ ಒಂದು ವಾಕ್ಯ ಇರಲಿ.

ತುಮಕೂರು_ಎಕ್ಸ್‌ಪ್ರೆಸ್
ವಾಕ್ಯ ಯಾಕೆ ಕೈಯಲ್ಲಿ ಬರೆಯಬೇಕು? ಚಾಟ್‌ಬಾಟ್‌ಗೆ ಹೇಳಿದರೆ ಎರಡು ನಿಮಿಷಕ್ಕೆ ನೂರು ಪ್ರಶ್ನೆ ಮಾಡಿಕೊಡುತ್ತದೆ. ನಾನು ಹಾಗೇ ಅಭ್ಯಾಸ ಮಾಡುತ್ತಿದ್ದೇನೆ.

ಒಂಟಿಕೊಪ್ಪಲು
ನಾನೂ ಮಾಡಿ ನೋಡಿದೆ. ಪದ ನೆನಪಿಡಲು ಪರವಾಗಿಲ್ಲ. ಆದರೆ ಎಷ್ಟೋ ಪ್ರಶ್ನೆಗಳಲ್ಲಿ ಎರಡು ಉತ್ತರ ಹೊಂದುತ್ತಿದ್ದವು. ಬೇರೆ ಕೆಲವು ಓದುವ ಮೊದಲೇ ಗೊತ್ತಾಗುವಷ್ಟು ಸಪ್ಪೆ. ಹೊಂದುವ ಪದ ಹಾಕುವುದಕ್ಕಿಂತ, ಉಳಿದ ನಾಲ್ಕು ಖಂಡಿತ ಹೊಂದದ ಹಾಗೆ ವಾಕ್ಯ ಕಟ್ಟುವುದೇ ಕಷ್ಟ. ಪರೀಕ್ಷೆ ನಡೆಸುವವರೇ ಕೊಡುವ ಪ್ರಶ್ನೆಗಳನ್ನು ಮೊದಲು ಮುಗಿಸಿ. ಪವರ್‌ಪ್ರೆಪ್ ಅಂತ ಎರಡು ಪೂರ್ತಿ ಅಣಕು ಪರೀಕ್ಷೆ ಉಚಿತವಾಗಿ ಸಿಗುತ್ತವೆ. ಎರಡನ್ನೂ ಮೊದಲ ವಾರವೇ ಸುಟ್ಟುಕೊಳ್ಳಬೇಡಿ, ಒಂದನ್ನು ಕೊನೆಗೆ ಇಡಿ.

ಮತ್ತೆ, ತಪ್ಪಿದ ಪ್ರಶ್ನೆಯ ಮುಂದೆ ಯಾಕೆ ತಪ್ಪಿತು ಅಂತ ಬರೆಯಿರಿ. ಪದ ಗೊತ್ತಿರಲಿಲ್ಲವಾ, ತಿರುವು ಕಾಣಲಿಲ್ಲವಾ, ವಾಕ್ಯದಲ್ಲಿ ಇಲ್ಲದ್ದನ್ನು ನಾವೇ ಸೇರಿಸಿದೆವಾ. ನನ್ನ ನೋಟ್‌ಬುಕ್‌ನಲ್ಲಿ ಮೂರನೆಯದೇ ಜಾಸ್ತಿ ಇತ್ತು. ಸ್ವಲ್ಪ ನಾಚಿಕೆಯೂ ಆಯಿತು.

ಬೆಣ್ಣೆ_ದಾವಣಗೆರೆ
ಹನ್ನೊಂದು ದಿನ ಆಯಿತು, ಬಂದು ಹೇಳಬೇಕು ಅನಿಸಿತು. ಹೊಸ ಪದ ನಿಲ್ಲಿಸಿದ್ದೇನೆ. ನಿನ್ನೆಯ ಇಪ್ಪತ್ತಕ್ಕೆ ಹದಿಮೂರು ಬಂತು. ತಪ್ಪಿದ ಏಳರಲ್ಲಿ ಗೊತ್ತಿಲ್ಲದ ಪದದಿಂದ ಹೋದದ್ದು ಎರಡೇ. ನಾಲ್ಕು ಮೇಷ್ಟ್ರು ಹೇಳಿದ ಬಾಣದ್ದು. ಒಂದು ಯಾಕೆ ತಪ್ಪು ಅಂತ ಇನ್ನೂ ಗೊತ್ತಾಗಿಲ್ಲ, ನನ್ನ ಉತ್ತರವೇ ಸರಿ ಅನಿಸುತ್ತಿದೆ.

ನಾನೇ ಒಂದು ಪ್ರಶ್ನೆ ಮಾಡಿದ್ದೇನೆ, ಲೋನ್ ಸರ್ ಹೇಳಿದ ಪದ ಇಟ್ಟುಕೊಂಡು:

‘ಅಜ್ಜಿಯ ದೋಸೆಯನ್ನು ಅಪ್ಪ ಬಾಯಿ ತುಂಬ ಹೊಗಳುತ್ತಾರೆ, ಅಮ್ಮನ ದೋಸೆಯ ಸರದಿ ಬಂದಾಗ ಮಾತ್ರ ಅವರ ಹೊಗಳಿಕೆ ____: ಪ್ರತಿ ಸಲವೂ ಒಂದು ‘ಆದರೆ’ ಇದ್ದೇ ಇರುತ್ತದೆ.’
ಎಫ್ಯೂಸಿವ್, ಕ್ವಾಲಿಫೈಡ್, ಟೆಪಿಡ್, ಲಕಾನಿಕ್, ಸಿನ್ಸಿಯರ್.

ಹಾವೇರಿ_ಏಲಕ್ಕಿ
ಟೆಪಿಡ್. ಉಗುರುಬೆಚ್ಚಗಿನ ಹೊಗಳಿಕೆ.

ಲೋನ್_ಕೌಂಟರ್
ಕ್ವಾಲಿಫೈಡ್. ‘ಆದರೆ’ ಇದೆ ಅಂತ ವಾಕ್ಯವೇ ಹೇಳುತ್ತಿದೆಯಲ್ಲ.

ಹಾವೇರಿ_ಏಲಕ್ಕಿ
ಟೆಪಿಡ್ ಕೂಡ ಸರಿಯೇ. ಅಪ್ಪಂದಿರನ್ನು ನೋಡಿದ್ದೇನೆ ನಾನು.

ಒಂಟಿಕೊಪ್ಪಲು
ಮತ್ತೆ ಶುರುವಾಯಿತು! ನಿಮ್ಮೂರಿನ ಮಂತ್ರಿ ಆಯಿತು, ಈಗ ನಿಮ್ಮೂರಿನ ಅಪ್ಪ. ಬೆಣ್ಣೆ, ಪ್ರಶ್ನೆ ಚೆನ್ನಾಗಿದೆ.

ನಿವೃತ್ತ_ಮೇಷ್ಟ್ರು
ಶಹಬ್ಬಾಸ್. ಇದನ್ನು ಅಮ್ಮನಿಗೆ ತೋರಿಸಿದಿರಾ?

ಬೆಣ್ಣೆ_ದಾವಣಗೆರೆ
ಅಮ್ಮ ಓದಿದರು. ಅಪ್ಪನೂ ಓದಿದರು. ಇವತ್ತು ರಾತ್ರಿ ಪಟ್ಟಿ ಹಿಡಿದು ಕೇಳುವವರು ಯಾರೂ ಇಲ್ಲ, ದೋಸೆಯೂ ಇಲ್ಲ.